ತೇಜೆಗೆ ಒಂದು ವಾರ ಹೋಗೋದು ಹೇಗೆ

ಯುರೋಪಲ್ಲಿ ಓದ್ತಿರೋ ನಮ್ಮ ಕಡೆ ಹುಡುಗ್ರು ಸುಮಾರು ಜನ ಕೇಳ್ತಾನೇ ಇರ್ತಾರೆ, ತೇಜೆಗೆ ಹೋಗ್ಬೇಕಂದ್ರೆ ಏನ್ಮಾಡ್ಬೇಕು ಅಂತ. ಒಬ್ಬೊಬ್ರಿಗೇ ವಾಟ್ಸಾಪಲ್ಲಿ ಟೈಪ್ ಮಾಡಿ ಸಾಕಾಗಿದೆ, ಇಲ್ಲೇ ಒಂದ್ಸಲ ಬರ್ದುಬಿಡ್ತೀನಿ.

ಹೋಗೋ ಮುಂಚೆ ಇಷ್ಟು ಗೊತ್ತಿರ್ಲಿ. ತೇಜೆ ಫ್ರಾನ್ಸಿನ ಬರ್ಗಂಡಿ ಸೀಮೇಲಿ ಗುಡ್ಡದ ಮೇಲಿರೋ ಪುಟ್ಟ ಹಳ್ಳಿ, ಅಲ್ಲಿ ಬ್ರದರ್‌ಗಳು ಅಂತ ಕರೆಯೋ ಕ್ರೈಸ್ತ ಸನ್ಯಾಸಿಗಳ ಆಶ್ರಮ ಇದೆ, ವಯಸ್ಸಿನ ಹುಡುಗ್ರು ಹುಡುಗೀರು ಒಂದು ವಾರ ಪ್ರಾರ್ಥನೆಗೆ ಅಂತ ಹೋಗ್ತಾರೆ. 1940ರ ಆಗಸ್ಟಲ್ಲಿ, ಅದನ್ನ ಶುರುಮಾಡಿದ ಬ್ರದರ್ ರೋಜೆ ಅಲ್ಲಿಗೆ ಬಂದಾಗ ಅವ್ರಿಗೆ 25 ವರ್ಷ, ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಪಾದ್ರಿ ಮಗ. ಜರ್ಮನ್ ಸೈನ್ಯ ಹಿಡಿದಿದ್ದ ಜಾಗ ಅಲ್ಲಿಂದ ಹತ್ರಾನೇ, ಹಂಗಾಗಿ ತಪ್ಪಿಸ್ಕೊಂಡು ಬರ್ತಿದ್ದ ನಿರಾಶ್ರಿತರನ್ನ, ಯಹೂದಿಗಳನ್ನ ಮನೇಲಿ ಬಚ್ಚಿಟ್ರು. 1942ರಲ್ಲಿ ಸಿಕ್ಕಿಬೀಳೋ ಹಂಗಾಗಿ ಸ್ವಿಟ್ಜರ್ಲೆಂಡಿಗೆ ಹೋಗಿ ಅಲ್ಲೇ ಉಳಿಬೇಕಾಯ್ತು, 1944ರಲ್ಲಿ ವಾಪಸ್ ಬಂದ್ರು. ಯುದ್ಧ ಮುಗಿದ್ಮೇಲೆ ಹತ್ರದ ಕ್ಯಾಂಪಲ್ಲಿ ಜರ್ಮನ್ ಕೈದಿಗಳಿದ್ರಲ್ಲ, ಭಾನುವಾರ ಅವ್ರನ್ನೂ ಪ್ರಾರ್ಥನೆಗೆ ಊಟಕ್ಕೆ ಕರೆದ್ರು. ಯಾರ ಕೈಗೆ ಸಿಗಬಾರ್ದು ಅಂತ ಜನರನ್ನ ಬಚ್ಚಿಟ್ಟಿದ್ರೋ ಅವರ ಕಡೆಯವರಿಗೇ ಊಟ ಬಡಿಸೋದು ಅಂದ್ರೆ ಸುಮ್ನೆ ಮಾತಾ, ಊರವರ ಹೊಟ್ಟೆ ಎಷ್ಟು ಉರಿದಿರ್ಬೇಕು ಅಂತ ನಾನು ಯೋಚ್ನೆ ಮಾಡ್ತಿರ್ತೀನಿ. 1949ರ ಈಸ್ಟರಿಗೆ ಏಳು ಜನ ಪ್ರಾಟೆಸ್ಟೆಂಟರು ಜೀವನಪೂರ್ತಿ ಸನ್ಯಾಸಿಗಳಾಗಿ ಜೊತೆಗಿರ್ತೀವಿ ಅಂತ ಮಾತು ಕೊಟ್ರು, ಆಮೇಲೆ ಕ್ಯಾಥಲಿಕ್ಕರೂ ಸೇರ್ಕೊಂಡ್ರು. 1947ರಲ್ಲೇ ಬೇರೆಬೇರೆ ಸಭೆಗಳು ಸೇರಿ ಆದ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ನೋಡಿ ಬೆಳೆದೋರಿಗೆ ಇದು ಅಷ್ಟೇನೂ ವಿಚಿತ್ರ ಅನ್ಸಲ್ಲ, ಯುರೋಪಲ್ಲಿ ಆಗ ದೊಡ್ಡ ವಿಷಯ.

ಈಗ ಪ್ರಯಾಣ. ಮೊದ್ಲು ಅವರ ವೆಬ್‌ಸೈಟಲ್ಲಿ ಹೆಸರು ಹಾಕ್ಸಿ, ಸುಮ್ನೆ ಹೋಗಿ ನಿಂತ್ಕೋಬೇಡಿ. ವಾರ ಅಂದ್ರೆ ಭಾನುವಾರದಿಂದ ಭಾನುವಾರ. ಮುಖ್ಯವಾಗಿ 35ರ ಒಳಗಿನೋರಿಗೆ ಅಂತ ಮಾಡಿರೋದು, ದೊಡ್ಡೋರೂ ಹೋಗ್ಬೋದು ಆದ್ರೆ ಜಾಗ ಕಮ್ಮಿ. ಊರಿಂದ ನೇರ ಹೋಗೋರಿಗೆ ಶೆಂಗೆನ್ ವೀಸಾ ಬೇಕು, ಅದಕ್ಕೆ ಟೈಮ್ ಇಟ್ಕೊಳ್ಳಿ. ಪ್ಯಾರಿಸ್ಸಿನ ಗಾರ್ ದ ಲಿಯೋನ್ ಸ್ಟೇಷನ್ನಿಂದ ಟಿಜಿವಿ ಅನ್ನೋ ಫಾಸ್ಟ್ ಟ್ರೇನು ಹತ್ತಿ ಮಾಕೋನ್-ಲೋಶೆಲಿ ಇಳಿದು ಬಸ್ಸು. ಮಾಕೋನ್-ವಿಲ್ ಅಂತ ಇನ್ನೊಂದು ಸ್ಟೇಷನ್ನಿದೆ, ಅದು ಬೇರೆ, ನಾನು ಎರಡೂ ಒಂದೇ ಅನ್ಕೊಂಡು ಟಿಕೆಟ್ ಮಾಡ್ಸಿ ಬಸ್ ತಪ್ಪಿಸ್ಕೊಂಡು ಮೂರು ಗಂಟೆ ಬೆಂಚ್ ಮೇಲೆ ಕೂತಿದ್ದೆ. ಬಸ್ಸು ಕಮ್ಮಿ, ಟೈಮ್ ಮೊದ್ಲೇ ನೋಡ್ಕೊಳ್ಳಿ.

ಬ್ಯಾಗಲ್ಲಿ ಸ್ಲೀಪಿಂಗ್ ಬ್ಯಾಗು, ಟಾರ್ಚು, ರೈನ್‌ಕೋಟು, ಜುಲೈ ಆದ್ರೂ ಒಂದು ಸ್ವೆಟರ್ರು. ಜೊತೆಗೆ ಪುಟ್ಟ ಬಾಟ್ಲಿ ಉಪ್ಪಿನಕಾಯಿ, ಇದನ್ನ ಯಾರೂ ಹೇಳಲ್ಲ ನಾನು ಹೇಳ್ತಿದೀನಿ. ಊಟ ಅಂದ್ರೆ ಟ್ರೇ, ಒಂದು ಬಟ್ಟಲು, ಒಂದು ದೊಡ್ಡ ಚಮಚ, ಅಷ್ಟೇ. ಬೆಳಿಗ್ಗೆ ಟೀ ಕುಡಿಯೋದೂ ಬಟ್ಟಲಲ್ಲೇ. ದುಡ್ಡು ದಿನದ ಲೆಕ್ಕ, ಯಾವ ದೇಶದೋರು ಅನ್ನೋದರ ಮೇಲೆ ಹೆಚ್ಚುಕಮ್ಮಿ. ಬ್ರದರ್‌ಗಳು ತಮಗೋಸ್ಕರ ದಾನ ತಗೊಳ್ಳಲ್ಲ, ಮನೆಯಿಂದ ಬಂದ ಆಸ್ತೀನೂ ಇಟ್ಕೊಳ್ಳಲ್ಲ, ಮಡಕೆ ಕುಡಿಕೆ ಮಾಡಿ ಮಾರಿ, ದುಡಿದು ತಿಂತಾರೆ.

ಹೋದ ತಕ್ಷಣ ಏನಾದ್ರೂ ಕೆಲಸ ಕೊಡ್ತಾರೆ. ಆಯ್ಕೆ ಇದ್ರೆ ಪಾತ್ರೆ ತೊಳೆಯೋದು ತಗೊಳ್ಳಿ, ಟಾಯ್ಲೆಟ್ ಆದ್ರೂ ಸರಿ, ಬೇಡ ಅನ್ಬೇಡಿ. ನಾನಿದ್ದ ಟೀಮಲ್ಲಿ ಒಬ್ಬ ಪೋಲೆಂಡಿನವ್ನು ಒಬ್ಬ ಜರ್ಮನ್ನು, ಇಬ್ರೂ ಅಜ್ಜಂದಿರ ಕಾಲದ ಯುದ್ಧದ ಬಗ್ಗೆ ಬೆಳಿಗ್ಗೆ ಗ್ರೂಪಲ್ಲಿ ಬಹಳ ಮರ್ಯಾದೆಯಿಂದ, ಅಳೆದು ತೂಗಿ ಮಾತಾಡಿದ್ರು. ಮಧ್ಯಾಹ್ನ ಮೊಣಕೈವರೆಗೆ ನೊರೆ ಮಾಡ್ಕೊಂಡು ಸೋಪ್ ಎಷ್ಟು ಹಾಕ್ಬೇಕು ಅಂತ ಕಿತ್ತಾಡಿದ್ರು ನೋಡಿ, ಅವತ್ತಿಂದ ಇಬ್ರೂ ಬಿಟ್ಟಿರ್ಲಿಲ್ಲ.

ದಿನಕ್ಕೆ ಮೂರು ಸಲ ಗಂಟೆ ಹೊಡೀತಾರೆ, ಏನು ಮಾಡ್ತಿದ್ರೂ ಬಿಟ್ಟು ಚರ್ಚಿಗೆ. ಇದಕ್ಕೆ ರಾಜಿಯ ಚರ್ಚು ಅಂತಾನೇ ಹೆಸರು, ಯುದ್ಧದ ಪ್ರಾಯಶ್ಚಿತ್ತ ಅಂತ ಜರ್ಮನ್ ಹುಡುಗ್ರೇ ಬಂದು ಕಟ್ಟಿದ್ದು, 1962ರಲ್ಲಿ ಉದ್ಘಾಟನೆ ಆಯ್ತು. ಒಂಬತ್ತೇ ವರ್ಷಕ್ಕೆ, 1971ರ ಈಸ್ಟರಿಗೆ ಜನ ಹಿಡಿಸದೆ ಗೋಡೆ ಒಡೆದು ಸರ್ಕಸ್ ಟೆಂಟ್ ಸೇರಿಸಿದ್ರಂತೆ. ಇಷ್ಟು ಬೆಳೀಬೇಕು ಅಂತ ಯಾರೂ ಪ್ಲಾನ್ ಮಾಡಿದ್ದಲ್ಲ, ಜನ ಬಂದ್ರು, ಇವ್ರು ಗೋಡೆ ಒಡೆದ್ರು. ಒಳಗೆ ನೆಲದ ಮೇಲೆ ಕೂರೋದು, ಯುರೋಪಿನೋರು ಕಾಲು ಎಲ್ಲಿಡೋದು ಅಂತ ಒದ್ದಾಡೋವಾಗ ನಾವು ಚಕ್ಕಂಬಟ್ಲೆ ಹಾಕಿ ಆರಾಮಾಗಿ ಕೂತಿರ್ಬೋದು. ಎರಡು ಸಾಲಿನ ಹಾಡು ಹತ್ತಾರು ಸಲ ತಿರುಗಿ ತಿರುಗಿ ಹಾಡ್ತಾರೆ, ಹೆಚ್ಚುಕಮ್ಮಿ ನಮ್ಮ ಭಜನೆ ಥರಾನೇ. ಮಧ್ಯೆ ಹಾಡು ನಿಲ್ಲಿಸಿ ಸುಮಾರು ಹತ್ತು ನಿಮಿಷ ಮೌನ. ಮೊದಲ ದಿನ ಸಾವಿರಾರು ಜನ ಕೆಮ್ಮೋದೇ ಕೇಳ್ಸುತ್ತೆ, ಗಾಬರಿ ಆಗ್ಬೇಡಿ, ಬುಧವಾರದ ಹೊತ್ತಿಗೆ ಆ ಮೌನ ಸಾಲಲ್ಲ ಅನ್ಸುತ್ತೆ.

ಶುಕ್ರವಾರ ರಾತ್ರಿ ತಪ್ಪಿಸ್ಕೋಬೇಡಿ. ಶಿಲುಬೆನ ನೆಲಕ್ಕೆ ಮಲಗಿಸಿರ್ತಾರೆ, ಒಬ್ಬೊಬ್ರೇ ಮಂಡಿ ಮೇಲೆ ತೆವಳ್ಕೊಂಡು ಹೋಗಿ ಹಣೆ ಇಟ್ಟು ಬರ್ತಾರೆ, ಲೈನು ಬಹಳ ಹೊತ್ತು ಮುಗಿಯಲ್ಲ. ಯಾರ ಮೇಲಾದ್ರೂ ಸಿಟ್ಟಿದ್ರೆ ಅದನ್ನೂ ಹೊತ್ಕೊಂಡು ಹೋಗಿ. ನಾನು ಅಣ್ಣನ ಜೊತೆ ಸೈಟಿನ ವಿಷ್ಯಕ್ಕೆ ಮಾತು ಬಿಟ್ಟು ನಾಲ್ಕು ವರ್ಷ ಆಗಿತ್ತು, ಹಣೆ ಇಟ್ಟಾಗ ಏನೂ ಆಗ್ಲಿಲ್ಲ, ಮರ ತಣ್ಣಗಿತ್ತು ಅಷ್ಟೇ. ಆದ್ರೆ ಹೊರಗೆ ಬಂದು ಅಣ್ಣಂಗೆ "ಊಟ ಆಯ್ತಾ" ಅಂತ ಮೆಸೇಜ್ ಹಾಕ್ದೆ. ಊರಲ್ಲಿ ಆಗ ಬೆಳಗಿನ ಜಾವ ಅಂತ ಆಮೇಲೆ ನೆನಪಾಯ್ತು. ಮಾತಾಡ್ಬೇಕು ಅನ್ಸಿದ್ರೆ ಸಾಯಂಕಾಲದ ಪ್ರಾರ್ಥನೆ ಆದ್ಮೇಲೆ ಬ್ರದರ್‌ಗಳು ಅಲ್ಲೇ ನಿಂತಿರ್ತಾರೆ, ಹೋಗಿ ಹೇಳ್ಕೋಬೋದು.

ಹಂಗಂತ ಸ್ವರ್ಗ ಅನ್ಕೋಬೇಡಿ. 2005ರ ಆಗಸ್ಟ್ 16ಕ್ಕೆ ಇದೇ ಚರ್ಚಲ್ಲಿ ಪ್ರಾರ್ಥನೆ ನಡೀತಿರೋವಾಗ ಮಾನಸಿಕ ಕಾಯಿಲೆ ಇದ್ದ ಹೆಂಗಸೊಬ್ಬಳು ಚಾಕು ಹಾಕಿ 90 ವರ್ಷದ ಬ್ರದರ್ ರೋಜೆ ಸತ್ರು, ಅವರ ನಂತರ ಬಂದ ಬ್ರದರ್ ಅಲೋಯಿಸ್ ಮಣ್ಣು ಮಾಡೋ ದಿನಾನೇ ಅವಳನ್ನ ಕ್ಷಮಿಸು ಅಂತ ಪ್ರಾರ್ಥನೆ ಮಾಡಿದ್ರು. 2019ರಲ್ಲಿ, ಹಿಂದಿನ ದಶಕಗಳಲ್ಲಿ ಕೆಲವು ಬ್ರದರ್‌ಗಳಿಂದ ಲೈಂಗಿಕ ದೌರ್ಜನ್ಯ ಆಗಿತ್ತು ಅಂತಾನೂ ಅವರೇ ಬಹಿರಂಗವಾಗಿ ಹೇಳಿದ್ರು. ರಾಜಿ ಅಂದ್ರೆ ಮುಚ್ಚಿಡೋದು ಅನ್ಕೊಂಡಿರೋ ನಮ್ಮ ಸಭೆಗಳ ದೊಡ್ಡೋರು ಇದನ್ನ ಒಂದ್ಸಲ ಓದ್ಬೇಕು.

ಹಳ್ಳಿಯ ಹಳೇ ಚರ್ಚಿನ ಪಕ್ಕ ರೋಜೆ ಅವರ ಸಮಾಧಿ ಇದೆ, ಮರದ ಶಿಲುಬೆ ಅಷ್ಟೇ, ಹುಡುಕ್ಬೇಕಾಗುತ್ತೆ. ವಾಪಸ್ ಬರೋ ದಿನ ಅಂಗಡೀಲಿ ಬ್ರದರ್‌ಗಳು ಮಾಡಿದ ಮಣ್ಣಿನ ಬಟ್ಟಲು ಸಿಗುತ್ತೆ, ತಗೊಂಡ್ರೆ ಎರಡು ಜೊತೆ ಕಾಲುಚೀಲದಲ್ಲಿ ಸುತ್ತಿ ಕೈ ಬ್ಯಾಗಲ್ಲೇ ಇಟ್ಕೊಳ್ಳಿ. ಚೆಕ್-ಇನ್ ಸೂಟ್‌ಕೇಸಲ್ಲಿ ಇಟ್ಟಿದ್ದು ನಂದು ಬೆಂಗಳೂರಿಗೆ ಬರೋಷ್ಟ್ರಲ್ಲಿ ಮೂರು ಚೂರಾಗಿತ್ತು, ಫೆವಿಕ್ವಿಕ್ ಹಾಕಿ ಅಂಟಿಸಿ ಕೊಟ್ಟಿದ್ದು ಅಣ್ಣಾನೇ.