ನಕ್ಷೆ ಬರೆಯುವ ಮುಂಚೆ ಬಜೆಟ್ ಪುಸ್ತಕ ತೆರೆಯಿರಿ

ಚೆಂದದ ನಗರ ಯೋಜನೆಗಳು ಕಪಾಟು ಸೇರಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಅದಕ್ಕಿಂತ ಬೇಸರ ತರುವುದು ಕಟ್ಟಿದ ಮೂರೇ ವರ್ಷಕ್ಕೆ ಬೀಗ ಬಿದ್ದ ಉದ್ಯಾನ. ಎರಡಕ್ಕೂ ಕಾರಣ ಒಂದೇ. ನಕ್ಷೆ ಬರೆದವರು ನಗರಾಡಳಿತದ ಬಜೆಟ್ ಓದಿರಲಿಲ್ಲ. ಓದುವುದು ಹೀಗೆ:

1. ಕಳೆದ ಮೂರು ವರ್ಷದ ಬಜೆಟ್ ತರಿಸಿಕೊಳ್ಳಿ. ಅಂದಾಜಿನ ಕಾಲಮ್ ಬಿಟ್ಟು, ನಿಜವಾಗಿ ಬಂದ ಮತ್ತು ಖರ್ಚಾದ ಹಣದ ಕಾಲಮ್ ನೋಡಿ. ಅಂದಾಜು ಆಸೆ ಹೇಳುತ್ತದೆ, ನಿಮಗೆ ಬೇಕಿರುವುದು ಅಭ್ಯಾಸ.

2. ಬಂಡವಾಳ ವೆಚ್ಚ, ದಿನನಿತ್ಯದ ವೆಚ್ಚ ಎರಡನ್ನೂ ಬೇರೆ ಮಾಡಿ. ಕಟ್ಟುವುದಕ್ಕೆ ಸಾಲ ಮಾಡಬಹುದು, ಸಂಬಳಕ್ಕೆ ಮಾಡಬಾರದು. ನ್ಯೂಯಾರ್ಕ್ ನಗರ ವರ್ಷಗಟ್ಟಲೆ ದಿನನಿತ್ಯದ ಖರ್ಚನ್ನು ಬಂಡವಾಳದ ಬಜೆಟ್ಟಿಗೆ ತಳ್ಳಿ ಸಾಲ ಎತ್ತುತ್ತಿತ್ತು. 1975ರಲ್ಲಿ ಸಾಲ ಹುಟ್ಟದೆ ದಿವಾಳಿಯ ಅಂಚಿಗೆ ಬಂತು.

3. ಎಲ್ಲರೂ ಎಡವುವುದು ಇಲ್ಲಿ: ಕಟ್ಟಿದ ಮೇಲಿನ ಖರ್ಚು. ನಿಮ್ಮ ನಕ್ಷೆ ಎದುರಿಗಿಟ್ಟುಕೊಂಡು, ಅದರಲ್ಲಿ ಕೆಡುವಂಥದ್ದು, ಉರಿಯುವಂಥದ್ದು, ಕಾವಲು ಬೇಡುವಂಥದ್ದು ಎಲ್ಲವನ್ನೂ ಒಂದೊಂದಾಗಿ ಬರೆಯಿರಿ. ದೀಪ, ಪಂಪು, ನೀರು, ಹುಲ್ಲು ಕತ್ತರಿಸುವವರು, ಕಾವಲುಗಾರರು, ಬಣ್ಣ. ಪ್ರತಿಯೊಂದರ ಮುಂದೆ ಯಾವ ವಿಭಾಗ, ಯಾವ ಲೆಕ್ಕಶೀರ್ಷಿಕೆ (ಬಜೆಟ್ಟಿನಲ್ಲಿ ಆ ಖರ್ಚು ಬರೆಯುವ ಜಾಗ) ಅಂತ ಬರೆಯಿರಿ. ಹೆಸರು ಸಿಗದ ಸಾಲೇ ಮುಂದೆ ಯಾರೂ ನೋಡಿಕೊಳ್ಳದ ಸಾಲು.

ಆಮೇಲೆ ಸವಕಳಿ, ಅಂದರೆ ಕಟ್ಟಿದ್ದು ವರ್ಷ ವರ್ಷ ಸವೆದು ಕಳೆದುಕೊಳ್ಳುವ ಬೆಲೆ. ಕಟ್ಟಲು 100 ಖರ್ಚಾಗಿ, 20 ವರ್ಷ ಬಾಳುತ್ತದೆ ಅಂದುಕೊಳ್ಳಿ. ಬೆಲೆ ಏರಿಕೆ ಬಿಟ್ಟರೂ ಮತ್ತೆ ಕಟ್ಟಲು ವರ್ಷಕ್ಕೆ 5 ಎತ್ತಿಡಬೇಕು. ನಿರ್ವಹಣೆಗೆ 6 ಸೇರಿಸಿದರೆ 11. ಒಂಬತ್ತು ವರ್ಷಕ್ಕೆ 99, ಅಂದರೆ ಕಟ್ಟಿದಷ್ಟೇ ಹಣ ಮತ್ತೊಮ್ಮೆ! ಅನುದಾನದಲ್ಲಿ ಪುಕ್ಕಟೆ ಬಂದ ಕಟ್ಟಡಕ್ಕೂ ಈ 11 ತಪ್ಪುವುದಿಲ್ಲ.

ಇನ್ನೊಂದು ಮೋಸ ಮೊದಲ ವರ್ಷದ್ದು. ವರ್ಷದ ಮಧ್ಯೆ ಉದ್ಘಾಟನೆಯಾದರೆ ಆ ವರ್ಷದ ಲೆಕ್ಕದಲ್ಲಿ ಅರ್ಧ ಖರ್ಚು ಮಾತ್ರ ಕಾಣುತ್ತದೆ. ಎಲ್ಲರೂ ಅದನ್ನೇ ನಂಬಿಬಿಡುತ್ತಾರೆ. ಯಾವಾಗಲೂ ಪೂರ್ತಿ ವರ್ಷದ ಲೆಕ್ಕವನ್ನೇ ಹಾಕಿ.

ಕಟ್ಟುವ ವೆಚ್ಚದ ಇಷ್ಟು ಶೇಕಡಾ ನಿರ್ವಹಣೆಗೆ ಅಂತ ಸುಮ್ನೆ ಗುಣಿಸುವ ಅಡ್ಡದಾರಿ ಬೇಡ. ಈಜುಕೊಳಕ್ಕೂ ಕಾಲುದಾರಿಗೂ ಒಂದೇ ಲೆಕ್ಕ ಹೇಗಾಗುತ್ತದೆ? ರೆಡಿಮೇಡ್ ಎಕ್ಸೆಲ್ ಶೀಟುಗಳನ್ನೂ ನಾನು ದೂರ ಇಡುತ್ತೇನೆ. ನನ್ನ ಕೈಗೆ ಬಂದವುಗಳಲ್ಲಿ ಸಂಬಳ ಏರಿಕೆಗೆ ಜಾಗವೇ ಇರಲಿಲ್ಲ. ಒಂದು ಹಾಳೆ, ಪೆನ್ಸಿಲ್ ಹಿಡಿದು ಕೂತರೆ ಖರ್ಚಿನ ಒಂದೊಂದು ಸಾಲೂ ನಿಮ್ಮ ಕಣ್ಣೆದುರೇ ಇರುತ್ತದೆ.

4. ಈಗ ಹಣದ ಮೂಲ ಹುಡುಕಿ. ವರ್ಷ ವರ್ಷ ಬರುವ ಖರ್ಚಿಗೆ ವರ್ಷ ವರ್ಷ ಬರುವ ಆದಾಯವನ್ನೇ ಜೋಡಿಸಿ: ಆಸ್ತಿ ತೆರಿಗೆ, ಬಳಕೆ ಶುಲ್ಕ. ಜಮೀನು ಮಾರಿದ ಹಣ ಒಮ್ಮೆ ಮಾತ್ರ ಬರುತ್ತದೆ, ಅದು ಕಟ್ಟುವುದಕ್ಕಿರಲಿ. ಹೊಸ ರಸ್ತೆಯಿಂದ ಪಕ್ಕದ ಜಮೀನಿನ ಬೆಲೆ ಏರುತ್ತದಲ್ವಾ? ಅದರಲ್ಲೊಂದು ಪಾಲನ್ನು ಮಾಲೀಕರಿಂದ ಪಡೆಯುವ ಕಾನೂನು ಕೊಲಂಬಿಯಾದಲ್ಲಿ 1921ರಿಂದಲೇ ಇದೆ. ಅಲ್ಲಿನ ರಾಜಧಾನಿ ಬೊಗೊಟಾ ಈ ಹಣದಿಂದ ರಸ್ತೆಗಳನ್ನು ಕಟ್ಟಿದೆ. ನಿಮ್ಮ ಕಾನೂನಿನಲ್ಲಿ ಅವಕಾಶವಿದ್ದರೆ ದಯವಿಟ್ಟು ಬಿಡಬೇಡಿ.

5. ಹಣಕಾಸು ವಿಭಾಗಕ್ಕೆ ಬೇಗ ಹೋಗಿ. ಬಜೆಟ್ ಮಂಡನೆಯ ದಿನಕ್ಕೆ ಎಲ್ಲ ಮುಗಿದಿರುತ್ತದೆ. ವಿಭಾಗಗಳು ಬೇಡಿಕೆ ಪಟ್ಟಿ ಬರೆಯುವ ತಿಂಗಳು ಯಾವುದು ಅಂತ ತಿಳಿದುಕೊಂಡು, ಅದಕ್ಕೂ ಮೊದಲೇ ಲೆಕ್ಕದವರ ಪಕ್ಕ ಕೂತು ನಿಮ್ಮ ಹಾಳೆ ತೋರಿಸಿ. ಅವರು ತಪ್ಪು ಹಿಡಿದರೆ ಖುಷಿಪಡಿ.

6. ಬಜೆಟ್ ಪಾಸಾಗಿ ಆರು ತಿಂಗಳಿಗೆ ಮತ್ತೆ ಹೋಗಿ. ನಿಮ್ಮ ಸಾಲಿನ ಮುಂದೆ ಖರ್ಚು ಸೊನ್ನೆ ಇದ್ದರೆ, ಟೆಂಡರ್ ಎಲ್ಲಿ ನಿಂತಿದೆ ಅಂತ ಅವತ್ತೇ ಕೇಳಿ. ವರ್ಷದ ಕೊನೆಯಲ್ಲಿ ಕೇಳಿದರೆ ಆ ಹಣ ಬೇರೆ ಲೆಕ್ಕಕ್ಕೆ ಹೋಗಿರುತ್ತದೆ.