ಹಣಕಾಸು ಮಂತ್ರಿಯೊಬ್ಬರನ್ನು ಬಜೆಟ್ ಪುಸ್ತಕದಿಂದ ಓದೋದು ಹೇಗೆ? ಸಿದ್ದರಾಮಯ್ಯನವರನ್ನೇ ತಗೊಳ್ಳಿ

ಸಿದ್ದರಾಮಯ್ಯನವರ ಬಗ್ಗೆ ಹೊಗಳಿ ಬರೆದದ್ದೂ ಬೇಕಾದಷ್ಟಿದೆ, ತೆಗಳಿ ಬರೆದದ್ದೂ ಬೇಕಾದಷ್ಟಿದೆ. ಆದರೆ 1995ರಿಂದ 2025ರ ಮಾರ್ಚ್‌ವರೆಗೆ 16 ಬಜೆಟ್ ಮಂಡಿಸಿದವರು ಸರ್ಕಾರದ ದುಡ್ಡನ್ನು ಯಾವ ಕಡೆ ತಿರುಗಿಸಿದರು ಅಂತ ಕೇಳಿ ನೋಡಿ, ಹೆಚ್ಚಿನವರು ಯೋಜನೆಗಳ ಹೆಸರು ಹೇಳಿ ಸುಮ್ಮನಾಗುತ್ತಾರೆ. ನಿಜವಾದ ಉತ್ತರ ಬಜೆಟ್ ಪುಸ್ತಕಗಳಲ್ಲಿದೆ. ಇತ್ತೀಚಿನ ವರ್ಷಗಳದ್ದು ಹಣಕಾಸು ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅದನ್ನು ಓದೋಕೆ ಕಾಮರ್ಸ್ ಓದಿರಬೇಕು ಅಂತೇನೂ ಇಲ್ಲ, ಎರಡು ಮೂರು ಸಂಗತಿ ಗೊತ್ತಿದ್ದರೆ ಸಾಕು.

ಮೊದಲು ಒಂದು ಹಾಳೆ ತಗೊಂಡು ಇಸವಿಗಳನ್ನು ಬರೆದುಕೊಳ್ಳಿ. ಹಣಕಾಸು ಖಾತೆ ಯಾವಾಗ ಅವರ ಕೈಯಲ್ಲಿತ್ತು, ಆಗ ಮುಖ್ಯಮಂತ್ರಿ ಯಾರು, ಇವೆರಡೇ. 1994ರ ಕೊನೆಗೆ ದೇವೇಗೌಡರ ಸರ್ಕಾರದಲ್ಲಿ ಹಣಕಾಸು ಮಂತ್ರಿ. 1996ರಲ್ಲಿ ಜೆ.ಎಚ್. ಪಟೇಲರು ಬಂದ ಮೇಲೆ ಉಪಮುಖ್ಯಮಂತ್ರಿ, ಜೊತೆಗೆ ಹಣಕಾಸು. 2004ರಲ್ಲಿ ಧರ್ಮಸಿಂಗ್ ಅವರ ಸಮ್ಮಿಶ್ರ ಸರ್ಕಾರದಲ್ಲಿ ಮತ್ತೆ ಅದೇ ಎರಡು ಸ್ಥಾನ. 2013ರಿಂದ 2018ರವರೆಗೆ ಮುಖ್ಯಮಂತ್ರಿಯೂ ಅವರೇ, ಹಣಕಾಸು ಮಂತ್ರಿಯೂ ಅವರೇ. 2023ರ ಮೇ ತಿಂಗಳಲ್ಲಿ ಅಧಿಕಾರಕ್ಕೆ ಮರಳಿದಾಗಲೂ ಹಾಗೇ. ಮೊದಲ ಬಜೆಟ್ ಹೊತ್ತಲ್ಲಿ, ಕುರಿ ಎಣಿಸೋಕೆ ಬಾರದವರು ಬಜೆಟ್ ಏನು ಮಂಡಿಸುತ್ತಾರೆ ಅಂತ ಗೇಲಿ ಮಾಡಿದ್ದರು ಎಂದು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಆಮೇಲೆ ರಾಮಕೃಷ್ಣ ಹೆಗಡೆಯವರ 13 ಬಜೆಟ್‌ಗಳ ದಾಖಲೆಯನ್ನು 2018ರಲ್ಲಿ ಸರಿಗಟ್ಟಿ, 2023ರ ಜುಲೈನಲ್ಲಿ ದಾಟಿದರು.

ಈ ಪಟ್ಟಿ ಯಾಕೆ ಬೇಕು ಅಂದರೆ, ಮೊದಲ 7 ಬಜೆಟ್‌ಗಳು ಬೇರೆಯವರು ಮುಖ್ಯಮಂತ್ರಿ ಆಗಿದ್ದಾಗ ಮಂಡಿಸಿದವು. ಅಲ್ಲಿ ಇವರ ಮಾತೇ ಅಂತಿಮ ಆಗಿರಲಿಲ್ಲ. ಆಮೇಲಿನವು ಪೂರ್ತಿ ಇವರವೇ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದರೆ ಹೊಗಳಿಕೆಯೂ ತಪ್ಪುತ್ತದೆ, ಟೀಕೆಯೂ ತಪ್ಪುತ್ತದೆ.

ಅದೇ ಹಾಳೆಯಲ್ಲಿ ಕೆಳಗೆ ಇನ್ನೊಂದು ಸಾಲು ಎಳೆಯಿರಿ. ಸರ್ಕಾರದ ಕೊರತೆಗೂ ಸಾಲಕ್ಕೂ ಮಿತಿ ಹಾಕುವ 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ, 2005ರ ಏಪ್ರಿಲ್‌ನಲ್ಲಿ ಮಾರಾಟ ತೆರಿಗೆಯ ಜಾಗಕ್ಕೆ ಬಂದ ವ್ಯಾಟ್, 2017ರ ಜುಲೈನಲ್ಲಿ ಜಿಎಸ್‌ಟಿ, ಅದರಿಂದಾದ ನಷ್ಟಕ್ಕೆ ಕೇಂದ್ರ ಕೊಡುತ್ತಿದ್ದ, 2022ರ ಜೂನ್‌ಗೆ ಮುಗಿದ ಜಿಎಸ್‌ಟಿ ಪರಿಹಾರ. ಕೇಂದ್ರ ತೆರಿಗೆಯಲ್ಲಿ ಎಲ್ಲಾ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕಕ್ಕೆ ಬರುವ ಪಾಲು (ಇದನ್ನು ಶಿಫಾರಸು ಮಾಡೋದು ಹಣಕಾಸು ಆಯೋಗ) 14ನೇ ಆಯೋಗದ ಕಾಲದಲ್ಲಿ 4.713 ಪರ್ಸೆಂಟ್ ಇದ್ದದ್ದು 15ನೇ ಆಯೋಗದಲ್ಲಿ 3.647ಕ್ಕೆ ಇಳಿದದ್ದನ್ನೂ ಬರೆದುಕೊಳ್ಳಿ. 1995ರಲ್ಲಿ ಮಾರಾಟ ತೆರಿಗೆ ಪೂರ್ತಿ ರಾಜ್ಯದ ಕೈಯಲ್ಲಿತ್ತು. ದುಡ್ಡು ಸಾಲದಿದ್ದರೆ ಆಗಿನ ಮಂತ್ರಿ ತೆರಿಗೆ ದರಕ್ಕೆ ಕೈ ಹಾಕಬಹುದಿತ್ತು. ಜಿಎಸ್‌ಟಿ ದರವನ್ನು ರಾಜ್ಯವೊಂದೇ ಬದಲಿಸೋಕಾಗಲ್ಲ, ಹಾಗಾಗಿ ಇವತ್ತು ಹೆಚ್ಚುಕಮ್ಮಿ ಅಬಕಾರಿ, ಮುದ್ರಾಂಕ ಶುಲ್ಕ, ಪೆಟ್ರೋಲ್-ಡೀಸೆಲ್, ವಾಹನ ತೆರಿಗೆ ಇಷ್ಟೇ ಕೈಯಲ್ಲಿ ಉಳಿದಿರೋದು. ಮದ್ಯದ ಬೆಲೆ ಪದೇ ಪದೇ ಏರೋದಕ್ಕೆ ಇದೂ ಒಂದು ಕಾರಣ.

ಇನ್ನು ಪುಸ್ತಕಕ್ಕೆ ಬನ್ನಿ. ಬಜೆಟ್ ಭಾಷಣದಿಂದ ಶುರು ಮಾಡಬೇಡಿ. ಅದರಲ್ಲಿರೋದು ಏನು ಮಾಡಬೇಕು ಅಂದುಕೊಂಡಿದ್ದಾರೆ ಅನ್ನೋದು ಮಾತ್ರ. ವಾರ್ಷಿಕ ಹಣಕಾಸು ತಖ್ತೆ ಅಥವಾ ಬಜೆಟ್‌ನ ಸಂಕ್ಷಿಪ್ತ ನೋಟ ತೆರೆಯಿರಿ. ಅಲ್ಲಿ ಪ್ರತಿ ಸಾಲಿಗೂ ನಾಲ್ಕು ಅಂಕಿ ಇರುತ್ತವೆ. ಎರಡು ವರ್ಷ ಹಿಂದಿನ ನಿಜವಾದ ಲೆಕ್ಕ, ಈಗ ನಡೆಯುತ್ತಿರುವ ವರ್ಷದ ಬಜೆಟ್ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಪತ್ರಿಕೆಯ ತಲೆಬರಹದಲ್ಲಿ ಬರೋದು ನಾಲ್ಕನೆಯದು. ನಿಮಗೆ ಬೇಕಾದದ್ದು ಮೊದಲನೆಯದು, ಯಾಕಂದರೆ ನಿಜವಾಗಿ ಖರ್ಚಾದ ದುಡ್ಡು ಅಲ್ಲಿ ಮಾತ್ರ ಇದೆ. ಅಂದರೆ 2023ರಲ್ಲಿ ಕೊಟ್ಟ ಮಾತಿನ ಲೆಕ್ಕ ನೋಡಬೇಕಾದರೆ 2025-26ರ ಪುಸ್ತಕ ತೆರೆಯಬೇಕು. ಕಾಯೋಕೆ ಬೇಜಾರಾಗುತ್ತೆ ನಿಜ, ಆದರೆ ಬೇರೆ ದಾರಿ ಇಲ್ಲ.

ಆಮೇಲೆ ಲೆಕ್ಕ ಶೀರ್ಷಿಕೆ ಅನ್ನೋ ನಾಲ್ಕಂಕಿಯ ಸಂಖ್ಯೆ. ಇದನ್ನು ಕಂಡು ಹೆದರಿ ಪುಸ್ತಕ ಮುಚ್ಚಿಡುವವರೇ ಜಾಸ್ತಿ. ಸುಮ್ನೆ ಮೊದಲ ಅಂಕಿ ನೋಡಿ. 0 ಅಥವಾ 1 ಇದ್ದರೆ ಆದಾಯ. 2 ಅಥವಾ 3 ಇದ್ದರೆ ರಾಜಸ್ವ ವೆಚ್ಚ, ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ, ನೆರವು. 4 ಅಥವಾ 5 ಇದ್ದರೆ ಬಂಡವಾಳ ವೆಚ್ಚ, ಅಂದರೆ ಅಣೆಕಟ್ಟು, ರಸ್ತೆ, ಕಟ್ಟಡ. 2202 ಸಾಮಾನ್ಯ ಶಿಕ್ಷಣ, 4202 ಶಾಲೆ-ಕಾಲೇಜು ಕಟ್ಟಡ. 2801 ವಿದ್ಯುತ್, 2235 ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ. ಈ ಸಂಖ್ಯೆಗಳು ದೇಶದ ಎಲ್ಲಾ ರಾಜ್ಯಗಳಲ್ಲೂ ಒಂದೇ, ಹಾಗಾಗಿ ಒಮ್ಮೆ ಕಲಿತರೆ ತಮಿಳುನಾಡಿನ ಬಜೆಟ್ಟನ್ನೂ ಓದಬಹುದು. 2ರಿಂದ ಶುರುವಾದದ್ದೆಲ್ಲ ಪೋಲು ಅಂತ ಮಾತ್ರ ತಿಳಿಯಬೇಡಿ. ಹಳ್ಳಿ ಶಾಲೆಯ ಮೇಷ್ಟ್ರ ಸಂಬಳವೂ ಅದರಲ್ಲೇ ಬರುತ್ತದೆ. ಕಟ್ಟಡ ಕಟ್ಟಿ ಮೇಷ್ಟ್ರನ್ನು ಕೊಡದಿದ್ದರೆ ಏನು ಪ್ರಯೋಜನ?

ಮೂವತ್ತು ವರ್ಷದ ರೂಪಾಯಿಗಳನ್ನು ನೇರವಾಗಿ ಹೋಲಿಸಲೂ ಬೇಡಿ. ಒಟ್ಟು ಬಜೆಟ್‌ನಲ್ಲಿ ಎಷ್ಟು ಪಾಲು ಅಂತ ಭಾಗಿಸಿ. ಉದಾಹರಣೆಗೆ 2025-26ರ ಬಜೆಟ್ ಗಾತ್ರ ಸುಮಾರು 4.09 ಲಕ್ಷ ಕೋಟಿ, ಐದು ಗ್ಯಾರಂಟಿಗಳಿಗೆ ಇಟ್ಟದ್ದು ಸುಮಾರು 51 ಸಾವಿರ ಕೋಟಿ. ಭಾಗಿಸಿದರೆ ಹನ್ನೆರಡೂವರೆ ಪರ್ಸೆಂಟ್ ಆಸುಪಾಸು. ಗ್ಯಾರಂಟಿಯೇ ಇಡೀ ಬಜೆಟ್ ತಿಂದುಹಾಕಿತು ಅನ್ನೋ ಮಾತೂ, ಅದೊಂದು ಲೆಕ್ಕಕ್ಕೇ ಇಲ್ಲದ ಖರ್ಚು ಅನ್ನೋ ಮಾತೂ ಈ ಒಂದು ಭಾಗಾಕಾರದ ಮುಂದೆ ನಿಲ್ಲೋದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ಒಬ್ಬ ರಾಜಕಾರಣಿ ಖರ್ಚಿನ ನೀತಿಯನ್ನು ಬದಲಿಸಿದರಾ ಅಂತ ತಿಳಿಯೋಕೆ ಅವರು ತಂದ ಯೋಜನೆ ಎಣಿಸಬೇಡಿ, ಅವರು ತಂದ ಕಾನೂನು ಹುಡುಕಿ. ಯೋಜನೆಯನ್ನು ಮುಂದಿನ ಸರ್ಕಾರ ಒಂದು ಆದೇಶದಲ್ಲಿ ನಿಲ್ಲಿಸಬಹುದು. ಕಾನೂನನ್ನು ತೆಗೆಯಬೇಕಾದರೆ ಸದನಕ್ಕೇ ಬರಬೇಕು. 2013ರಲ್ಲಿ ಬಂದ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆ ಅಂಥದ್ದು. ಅವಿಭಜಿತ ಆಂಧ್ರದ ನಂತರ ಇಂಥ ಕಾಯ್ದೆ ತಂದದ್ದು ಕರ್ನಾಟಕ. ಹಂಚಬಹುದಾದ ಬಜೆಟ್‌ನಲ್ಲಿ ಪರಿಶಿಷ್ಟ ಜಾತಿಗೆ 17.15, ಪರಿಶಿಷ್ಟ ಪಂಗಡಕ್ಕೆ 6.95, ಒಟ್ಟು 24.10 ಪರ್ಸೆಂಟ್, ಜನಸಂಖ್ಯೆಯಲ್ಲಿ ಎಷ್ಟೋ ಅಷ್ಟು ಪಾಲು. ಮಂತ್ರಿಯ ದಯೆ ದಾಕ್ಷಿಣ್ಯದ ಮಾತೇ ಇಲ್ಲ. ಇದು ದೊಡ್ಡ ಕೆಲಸ, ಅನುಮಾನವಿಲ್ಲ.

ಆದರೆ ಅಲ್ಲೇ ನಿಲ್ಲಿಸಬೇಡಿ, ಕಲಮುಗಳನ್ನೂ ಓದಿ. ಅದೇ ಕಾಯ್ದೆಯಲ್ಲಿ 7ಡಿ ಅಂತ ಒಂದು ಇತ್ತು. ರಸ್ತೆಯಂಥ ಎಲ್ಲರಿಗೂ ಸೇರಿದ ಕಾಮಗಾರಿಯ ಖರ್ಚಿನಲ್ಲಿ ಒಂದಿಷ್ಟನ್ನು ಪರಿಶಿಷ್ಟರಿಗಾಗಿಯೇ ಮಾಡಿದ ಖರ್ಚು ಅಂತ ಭಾವಿಸಿ ಲೆಕ್ಕಕ್ಕೆ ಹಾಕೋಕೆ ಅದು ದಾರಿ ಬಿಟ್ಟಿತ್ತು. ದಲಿತ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 2023ರಲ್ಲಿ ಅದನ್ನು ಇವರದೇ ಸರ್ಕಾರ ತೆಗೆದುಹಾಕಿತು. ಮರುವರ್ಷವೇ, 2024-25ರಲ್ಲಿ, ಇದೇ ಉಪಯೋಜನೆಯ ಸುಮಾರು 14,282 ಕೋಟಿ ಗ್ಯಾರಂಟಿಗಳ ಲೆಕ್ಕಕ್ಕೆ ಹೋಯಿತು. ಗ್ಯಾರಂಟಿ ಪಡೆಯೋರಲ್ಲಿ ಪರಿಶಿಷ್ಟರೂ ಇದ್ದಾರಲ್ವಾ, ಅವರ ಪಾಲಿಗಷ್ಟೇ ಬಳಸಿದ್ದೇವೆ ಅನ್ನೋದು ಸರ್ಕಾರದ ವಾದ. ನನಗೆ ಅದು ಒಪ್ಪಿಗೆಯಾಗೋದಿಲ್ಲ. ಎಲ್ಲರಿಗೂ ಸಿಗುವ ಸೌಲಭ್ಯವನ್ನು ಅವರಿಗೂ ಕೊಟ್ಟು, ಅದನ್ನು ಅವರಿಗೇ ಮೀಸಲಿಟ್ಟ ದುಡ್ಡಿನಿಂದ ತೆಗೆದರೆ, ಮೀಸಲು ಅನ್ನೋದಕ್ಕೆ ಏನು ಅರ್ಥ ಉಳಿಯಿತು? ನೀವು ಬೇರೆ ತೀರ್ಮಾನಕ್ಕೆ ಬರಬಹುದು. ಬಜೆಟ್ ಜೊತೆ ಬರುವ ಉಪಯೋಜನೆಯ ಪ್ರತ್ಯೇಕ ಪುಸ್ತಕದಲ್ಲಿ ಇಲಾಖಾವಾರು ಅಂಕಿಗಳಿವೆ, ನೋಡಿಯೇ ತೀರ್ಮಾನಿಸಿ.

ಇನ್ನೊಂದು ಒಳ್ಳೆಯ ಪರೀಕ್ಷೆ ಇದೆ. ಕುರ್ಚಿ ಬಿಟ್ಟ ಮೇಲೆ ಏನು ಉಳಿಯಿತು ಅಂತ ನೋಡೋದು. ಅನ್ನಭಾಗ್ಯ 2013ರ ಜುಲೈನಲ್ಲಿ ಕಿಲೋಗೆ 1 ರೂಪಾಯಿಯಂತೆ ಶುರುವಾಗಿ ಆಮೇಲೆ ಉಚಿತವಾಯಿತು. 2018ರ ನಂತರದ ಸರ್ಕಾರಗಳಲ್ಲಿ ಅಕ್ಕಿಯ ಪ್ರಮಾಣ ಕಡಿಮೆಯಾಯಿತೇ ಹೊರತು ಪಡಿತರದ ಅಕ್ಕಿಗೆ ಮತ್ತೆ ದುಡ್ಡು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಶಾಲೆ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯವೂ ಉಳಿಯಿತು. 2017ರ ಆಗಸ್ಟ್‌ನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಮಾತ್ರ ಅನುದಾನ ಸಾಲದೆ ಸೊರಗಿತು. ಅಕ್ಕಿ ಮತ್ತು ಹಾಲು ಮನೆಮನೆಗೆ, ಮಗು ಮಗುವಿಗೆ ಹಕ್ಕಿನಂತೆ ಮುಟ್ಟಿತ್ತು. ಕ್ಯಾಂಟೀನ್ ಹೆಚ್ಚಾಗಿ ನಗರಗಳಿಗೆ ಸೀಮಿತವಾಗಿತ್ತು, ಸ್ಥಳೀಯ ಸಂಸ್ಥೆಗಳ ದುಡ್ಡನ್ನೂ ನೆಚ್ಚಿಕೊಂಡಿತ್ತು. ವ್ಯತ್ಯಾಸ ಇಲ್ಲೇ ಇದೆ ಅಂತ ನನ್ನ ಅನಿಸಿಕೆ.

ಕೊನೆಗೆ ಸಾಲದ ಲೆಕ್ಕ. ಇದಕ್ಕೆ ಮಧ್ಯಮಾವಧಿ ವಿತ್ತೀಯ ಯೋಜನೆ ಅನ್ನೋ ಪುಸ್ತಕ ನೋಡಿ. ವಿತ್ತೀಯ ಕೊರತೆ, ಅಂದರೆ ಸಾಲ ತಂದು ತುಂಬಬೇಕಾದ ಕೊರತೆ, ಜಿಎಸ್‌ಡಿಪಿಯ (ರಾಜ್ಯದ ಒಟ್ಟು ಉತ್ಪನ್ನದ) 3 ಪರ್ಸೆಂಟ್ ಒಳಗೆ, ಒಟ್ಟು ಹೊಣೆಗಾರಿಕೆ, ಅಂದರೆ ಬಾಕಿ ಇರುವ ಸಾಲ ಮುಂತಾದವು, 25ರ ಒಳಗೆ, ಜೊತೆಗೆ ರಾಜಸ್ವ ಹೆಚ್ಚುವರಿ, ಅಂದರೆ ರಾಜಸ್ವ ವೆಚ್ಚಕ್ಕಿಂತ ರಾಜಸ್ವ ಆದಾಯ ಜಾಸ್ತಿ, ಈ ಮೂರು ಗೆರೆ ಕರ್ನಾಟಕಕ್ಕಿದೆ. 2025-26ರಲ್ಲಿ ಕೊರತೆ 2.95, ಹೊಣೆಗಾರಿಕೆ 24.91. ಎರಡೂ ಗೆರೆಯ ಒಳಗಿವೆ, ಆದರೆ ಅಂಚಿನಲ್ಲಿವೆ. ಮೂರನೆಯದು ಮುರಿದಿದೆ, 19,262 ಕೋಟಿ ರಾಜಸ್ವ ಕೊರತೆ ಇದೆ. 2004-05ರಿಂದ ಕೋವಿಡ್ ಬರುವ ತನಕ ಹೆಚ್ಚುವರಿ ಉಳಿಸಿಕೊಂಡು ಬಂದ ರಾಜ್ಯ ಇದು, ಆ ವರ್ಷಗಳಲ್ಲಿ ಇವರ ಮೊದಲ ಐದು ವರ್ಷದ ಆಡಳಿತವೂ ಸೇರಿದೆ. ಈ ಅಂಕಿಗಳೂ ಅಂದಾಜೇ ಅನ್ನೋದು ನೆನಪಿರಲಿ. ಅದೇ ವರ್ಷದ ನಿಜವಾದ ಲೆಕ್ಕ 2027-28ರ ಪುಸ್ತಕದ ಮೊದಲ ಅಂಕಣದಲ್ಲಿ ಬರುತ್ತದೆ. ಅದಕ್ಕಿಂತ ಮುಂಚೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ರಾಜ್ಯ ಹಣಕಾಸು ವರದಿ ಸದನದ ಮುಂದೆ ಬಂದರೆ, ಅದರಲ್ಲಿ ರಾಜಸ್ವ ಕೊರತೆಯ ಪುಟ ಮೊದಲು ತೆರೆಯಿರಿ.