ಸೈರಣೆ ಹುಡುಕಲು ಹೋಗಿ ‘ತಅಸ್ಸುಬ್’ ಸಿಕ್ಕಿತು

ಕವಿರಾಜಮಾರ್ಗದಲ್ಲಿ ‘ಕಸವರ’ದ ಪದ್ಯ ಇದೆಯಲ್ಲ, ಪರಧರ್ಮವನ್ನು ಸೈರಿಸಬಲ್ಲದ್ದೇ ಸಂಪತ್ತು ಅನ್ನುವುದು. ಅಂಥ ಮಾತು ಹಳೆಯ ಪಾರಸಿ ಚರಿತ್ರೆಗಳಲ್ಲಿ ಸಿಗುತ್ತದಾ ಅಂತ ಹುಡುಕಲು ಕೂತೆ. ಪಾರಸಿ ಕಲಿಯಲು ಶುರು ಮಾಡಿ ಮೂರು ವರ್ಷ ಆಗಿತ್ತು. ಧೈರ್ಯ ಸ್ವಲ್ಪ ಜಾಸ್ತಿಯೇ ಇತ್ತು.

ಮೊದಲ ಹೆಜ್ಜೆಯೇ ತಪ್ಪು. ಇವತ್ತಿನ ಪಾರಸಿಯಲ್ಲಿ ಸಹಿಷ್ಣುತೆಗೆ ‘ರವಾದಾರಿ’ ಅನ್ನುತ್ತಾರೆ. ಆ ಪದವನ್ನೇ ಹಿಡಿದುಕೊಂಡು 13ನೇ ಶತಮಾನದ ಜುವೈನಿ ಬರೆದ ಮಂಗೋಲರ ಚರಿತ್ರೆ ‘ತಾರೀಖ್-ಎ-ಜಹಾನ್‌ಗುಶಾ’ದ ಪುಟ ತಿರುವಿದೆ. ಓದಿದಷ್ಟರಲ್ಲಿ ಒಂದೂ ಸಿಗಲಿಲ್ಲ. ‘ಮುದಾರಾ’ ಅಂತ ಇನ್ನೊಂದು ಪದ ಇದೆ. ಗೆಳೆಯರ ಜೊತೆ ಉದಾರವಾಗಿರು, ಶತ್ರುಗಳ ಜೊತೆ ಮುದಾರಾ ಇರಲಿ ಅನ್ನುತ್ತಾನೆ ಪಾರಸಿ ಕವಿ ಹಾಫಿಜ್. ಅದು ಸುಮ್ನೆ ಮೆತ್ತಗೆ ನಡೆದುಕೊಳ್ಳುವ ಜಾಣತನ. ನನಗೆ ಬೇಕಿದ್ದದ್ದು ಅದಲ್ಲ.

ಕೊನೆಗೆ ಹುಡುಕಾಟವನ್ನೇ ತಿರುವಿ ಹಾಕಿದೆ. ಗುಣಕ್ಕೆ ಹೆಸರಿಲ್ಲದಿದ್ದರೂ ಅದರ ವಿರುದ್ಧದ ಕೆಟ್ಟ ಗುಣಕ್ಕೆ ಇರಲೇಬೇಕು, ಅಲ್ವಾ? ಅದೇ ‘ತಅಸ್ಸುಬ್’, ಅಂದರೆ ಮತಾಂಧತೆ. ನಮ್ಮ ಕಿವಿಗೆ ‘ಸ’ ಒಂದೇ, ಪಾರಸಿಯಲ್ಲಿ ಬರೆಯಲು ‘ಸೀನ್’ ಬೇರೆ, ‘ಸ್ವಾದ್’ ಬೇರೆ. ನಾನು ನಿಘಂಟಿನಲ್ಲಿ ಸೀನ್ ಕಡೆ ಹುಡುಕಿ ಒಂದು ಸಂಜೆ ಕಳೆದೆ. ಸ್ವಾದ್‌ನಲ್ಲಿ ನೋಡಿದರೆ ಸಿಕ್ಕಿತು. ಮೂಲದಲ್ಲಿ ಬಿಗಿಯುವುದು, ಕಟ್ಟುವುದು ಅನ್ನುವ ಅರ್ಥ. ನರಕ್ಕೆ ‘ಅಸಬ್’ ಅನ್ನುವುದೂ ಅದೇ ಧಾತುವಿನಿಂದ. ನಮ್ಮವರು ಅಂತ ನರ ಬಿಗಿದುಕೊಳ್ಳುವುದು!

ಆಮೇಲೆ ಜುವೈನಿಯ ಸಾಲುಗಳು ಕಣ್ಣಿಗೆ ಬೀಳತೊಡಗಿದವು. ಚೆಂಗಿಸ್ ಖಾನ್ ಯಾವ ಮತಕ್ಕೂ ಸೇರಿದವನಲ್ಲ, ಅದಕ್ಕೇ ಅವನಲ್ಲಿ ತಅಸ್ಸುಬ್ ಇರಲಿಲ್ಲ, ಒಂದು ಮತವನ್ನು ಇನ್ನೊಂದಕ್ಕಿಂತ ಮೇಲಿಡಲಿಲ್ಲ ಅನ್ನುತ್ತಾನೆ. ಅವನ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ಇಸ್ಲಾಂ, ಕೆಲವರು ಕ್ರೈಸ್ತ ಮತ ಹಿಡಿದರೂ ಹೆಚ್ಚಿನವರು ತಅಸ್ಸುಬ್ ತೋರಿಸಲಿಲ್ಲವಂತೆ. ಇದನ್ನು ಬರೆದವನು ಖುರಾಸಾನಿನ ಮುಸ್ಲಿಂ ಅಧಿಕಾರಿಗಳ ಮನೆತನದವನು. ಅವನ ಸೀಮೆಯನ್ನು ಹಾಳುಗೆಡವಿದವರೇ ಈಗ ಅವನ ಧಣಿಗಳು. ಧಣಿಗೆ ತಅಸ್ಸುಬ್ ಇಲ್ಲದಿದ್ದರೆ ತನ್ನ ಮತ ಉಳಿದೀತು. ಆ ಹೊಗಳಿಕೆಯಲ್ಲಿ ಮುಖಸ್ತುತಿಗಿಂತ ನಿಟ್ಟುಸಿರೇ ಜಾಸ್ತಿ ಅಂತ ನನಗನಿಸಿತು.

ಖುಷಿಯಿಂದ ಓದು ಮುಂದುವರಿಸಿದೆ. 1256ರಲ್ಲಿ ಚೆಂಗಿಸನ ಮೊಮ್ಮಗ ಹುಲಾಗು ಖಾನ್ ಇಸ್ಮಾಯಿಲಿಗಳೆಂಬ ಶಿಯಾ ಪಂಥದವರ ಕೋಟೆ ಅಲಮೂತನ್ನು ಗೆಲ್ಲುತ್ತಾನೆ. ಜೊತೆಗಿದ್ದ ಜುವೈನಿ ಅಪ್ಪಣೆ ಕೇಳಿ ಅಲ್ಲಿನ ಗ್ರಂಥಾಲಯದೊಳಗೆ ಹೋಗುತ್ತಾನೆ. ಕುರಾನಿನ ಪ್ರತಿಗಳು, ಬೆಲೆಬಾಳುವ ಪುಸ್ತಕಗಳು, ನಕ್ಷತ್ರ ನೋಡುವ ಉಪಕರಣಗಳನ್ನು ಎತ್ತಿಡುತ್ತಾನೆ. ಆ ಪಂಥದ ನಂಬಿಕೆಯ ಉಳಿದ ಪುಸ್ತಕಗಳನ್ನೆಲ್ಲ ಸುಟ್ಟೆ ಅಂತ ತಾನೇ ಬರೆದುಕೊಳ್ಳುತ್ತಾನೆ. ನಾಚಿಕೆ ಇಲ್ಲ, ಹೆಮ್ಮೆಯೇ ಇದೆ. ಆ ಪುಟವನ್ನು ಎರಡು ಸಲ ಓದಿದೆ, ನನ್ನ ಪಾರಸಿಯೇ ತಪ್ಪಿರಬಹುದು ಅಂತ.

ನನ್ನ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಇದ್ದವು. ಯಾರು ಹೇಳಿದರು, ಯಾರ ಬಗ್ಗೆ, ಹೊಗಳಿಕೆಯೋ ತೆಗಳಿಕೆಯೋ. ಅಲಮೂತ್‌ಗೆ ಬಂದಾಗ ನಾಲ್ಕನೆಯದನ್ನು ಎಳೆದೆ: ಆ ಮಾತಿನ ನೆರಳಿಗೆ ಯಾರು ಬರಲಿಲ್ಲ. ಅದಾದ ಮೇಲೆ ಮೊದಲಿನ ಪುಟಕ್ಕೆ ವಾಪಸ್ ಹೋಗಿ ಎಲ್ಲ ಸಾಲುಗಳಿಗೂ ಅದನ್ನು ತುಂಬಬೇಕಾಯಿತು. ಇನ್ನೂ ಅರ್ಧ ಖಾಲಿ ಇದೆ.